ಕಲ್ಮಠದ ದಾರಿಗಲ್ಲು

ಜೆ.ಪಿ. ನಗರದ ನಮ್ಮ ಕಟ್ಟಡ ತನ್ನ ಆಯುಷ್ಯದಲ್ಲಿ ಎದುರಿಸಿದ ಅತ್ಯಂತ ಗಂಭೀರ ಸಮಸ್ಯೆ ಯಾವುದೆಂದು ಯಾರಾದರೂ ಕೇಳಿದರೆ ಹಿಂದೆಮುಂದೆ ನೋಡದೆ ಹೇಳುತ್ತೇನೆ: ಮೂರು ಕಲ್ಲು. ಕಾವೇರಿ ನೀರು ವಾರಗಟ್ಟಲೆ ಬಾರದಿದ್ದಾಗ ನಾವು ಸಭೆ ಸೇರಲಿಲ್ಲ. ಎದುರಿನ ರಸ್ತೆಯನ್ನು ಅಗೆದು, ಅಗೆದವರು ಮರೆತೇಹೋದಾಗಲೂ ಸೇರಲಿಲ್ಲ. ಆದರೆ ಮೆಟ್ಟಿಲಿನ ಬುಡದಲ್ಲಿ ಬೆಳಗಾದರೆ ಒಂದರ ಮೇಲೊಂದರಂತೆ ಮೂರು ಚಪ್ಪಟೆ ಕಲ್ಲು ಕಾಣಿಸಿಕೊಳ್ಳತೊಡಗಿದಾಗ ಮಾಲೀಕರಾದ ವಿಜಯಕುಮಾರ್ ಖುದ್ದಾಗಿ ಮನೆಮನೆಯ ಬೆಲ್ ಒತ್ತಿದರು. ಭಾನುವಾರ ಸಂಜೆ ಎಲ್ಲ ಬಾಡಿಗೆದಾರರೂ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಹಾಜರಿರಬೇಕು ಎಂದು ಹೇಳಿಹೋದರು.

ಅವು ನಮ್ಮ ಕಡೆಯ ಕಲ್ಲುಗಳಲ್ಲ. ನೀಲಿಗಪ್ಪು ಬಣ್ಣ, ಹೋಳಿಗೆಯಷ್ಟು ತೆಳು, ಮುಟ್ಟಿದರೆ ಫ್ರಿಜ್ಜಿನಿಂದ ಈಗಷ್ಟೇ ತೆಗೆದಂತೆ ತಣ್ಣಗೆ. ವಿಜಯಕುಮಾರ್ ದಿನಾ ಅವನ್ನೆತ್ತಿ ಪಕ್ಕದ ಖಾಲಿ ಸೈಟಿಗೆ ಎಸೆಯುತ್ತಿದ್ದರು. ಮರುದಿನ ಅವು ಮತ್ತೆ ಅಲ್ಲೇ ಇರುತ್ತಿದ್ದವು. ಇದರ ನಡುವೆ ಇನ್ನೊಂದು ಸಣ್ಣ ವಿಷಯ ನಡೆದಿತ್ತು, ಆಗ ನಾನು ಅದಕ್ಕೆ ಬೆಲೆ ಕೊಡಲಿಲ್ಲ. ಮೂರನೇ ಮಹಡಿಯಲ್ಲಿ ಒಬ್ಬರೇ ವಾಸವಾಗಿರುವ ವಿಜಯಕುಮಾರ್, ಒಂದು ಮಧ್ಯಾಹ್ನ ಮೊದಲನೇ ಮಹಡಿಯ ನನ್ನ ಬಾಗಿಲಿಗೆ ತಮ್ಮ ಕೀಲಿ ಹಾಕಿ ತಿರುಗಿಸುತ್ತ ನಿಂತಿದ್ದರು. ನಾನು ಬಾಗಿಲು ತೆಗೆದಾಗ, “ನೀವು ನಮ್ಮನೇಲಿ ಏನ್ ಮಾಡ್ತಿದೀರಾ?” ಎಂದು ನನ್ನನ್ನೇ ಕೇಳಿದರು. ವಯಸ್ಸಾಯಿತು ಎಂದುಕೊಂಡೆ.

ಎರಡು ಸಾವಿರದ ಏಳನೇ ಇಸವಿಯ ಅಕ್ಟೋಬರ್ ಅದು. ಸಭೆ ಶುರುವಾಗುವ ಹೊತ್ತಿಗೆ ಮಳೆ ಹಿಡಿಯಿತು, ಮಳೆ ಹಿಡಿದ ಕೂಡಲೇ ಪದ್ಧತಿಯಂತೆ ಕರೆಂಟು ಹೋಯಿತು. ಎರಡನೇ ಮಹಡಿಯ ರಾಜಶ್ರೀ ಎಮರ್ಜೆನ್ಸಿ ಲ್ಯಾಂಪ್ ತಂದಿಟ್ಟಳು. ನನ್ನ ಪಕ್ಕದ ಮನೆಯ ಸಂಜೀವಯ್ಯನವರು, ನಿವೃತ್ತರು, ತಮ್ಮ ಕುರ್ಚಿಯನ್ನು ತಾವೇ ಹೊತ್ತು ತಂದರು, ಬೇರೆಯವರ ಕುರ್ಚಿಯ ಮೇಲೆ ಅವರಿಗೆ ನಂಬಿಕೆಯಿಲ್ಲ. ಕೆಳಗಿನ ಹಿಂಬದಿಯ ಪುಟ್ಟ ಮನೆಯಲ್ಲಿರುವ ನೀಲಗಂಗಮ್ಮ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಆ ಬೆಳಕಿನಲ್ಲೂ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕುಳಿತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಬಿಟಿಎಂ ಲೇಔಟಿನಲ್ಲಿ ಸ್ವಂತ ವಠಾರವೇ ಇದ್ದವರು ಅದನ್ನು ಮಾರಿ, ಹೋದ ವರ್ಷ ಇಲ್ಲಿಗೆ ಬಾಡಿಗೆಗೆ ಬಂದಿದ್ದು ಯಾಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಇದು ಮಕ್ಕಳ ಕೆಲಸ, ಹೆತ್ತವರು ನಿಗಾ ಇಡಬೇಕು, ಇಲ್ಲದಿದ್ದರೆ ಮನೆ ಖಾಲಿ ಮಾಡಬೇಕು ಎಂದು ವಿಜಯಕುಮಾರ್ ಭಾಷಣ ಮಾಡಿದರು. ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ನೀಲಗಂಗಮ್ಮ ಮೊರದಿಂದ ಕಣ್ಣೆತ್ತದೆ ಹೇಳಿದರು.

“ಮಕ್ಕಳನ್ನ ಯಾಕಪ್ಪಾ ಬೈತೀರಾ. ಆ ಕಲ್ಲು ಯಾರದು ಅಂತ ನಂಗೂ ಗೊತ್ತು, ನಿಮಗೂ ಗೊತ್ತು.”

“ನೀಲಗಂಗಮ್ನೋರೇ, ಮೀಟಿಂಗಲ್ಲಿ ಹಳೇ ಪುರಾಣ ಬೇಡ.”

“ಕರೆಂಟು ಬರೋವರೆಗೂ ಇನ್ನೇನ್ ಮಾಡ್ತೀರಾ? ಕೂತ್ಕೊಳ್ಳಿ. ತಪ್ಪು ಹೇಳಿದ್ರೆ ತಿದ್ದಿ, ನೀವೂ ಇದ್ರಲ್ಲ ಅಲ್ಲಿ.”

ವಿಜಯಕುಮಾರ್ ಕುಳಿತರು. ಮಳೆ ಇನ್ನಷ್ಟು ಜೋರಾಯಿತು. ನಾವು ಕುರ್ಚಿಗಳನ್ನು ಹತ್ತಿರ ಎಳೆದುಕೊಂಡೆವು.

“ತೊಂಬತ್ತೈದನೇ ಇಸವಿ... ಆಗ ಬಿಟಿಎಮ್ಮಲ್ಲಿ ಎಲ್ಲಿ ನೋಡಿದ್ರೂ ಖಾಲಿ ಸೈಟು, ಪಾರ್ಥೇನಿಯಂ ಗಿಡ, ಮಳೆ ಬಂದ್ರೆ ಕಪ್ಪೆ. ನಮ್ಮ ವಠಾರದಲ್ಲಿ ನಾಲ್ಕು ಜನ ಬಾಡಿಗೆಗಿದ್ರು. ಇವರು ವಿಜಯಕುಮಾರು, ಇನ್ಶೂರೆನ್ಸ್ ಮಾಡಿಸ್ತಿದ್ರು, ಇವರ ಮಾತು ಕೇಳಿದ್ರೆ ಹೆಣಾನೂ ಎದ್ದು ಪಾಲಿಸಿ ತಗೋಬೇಕು. ಚಲುವರಾಜು ಅಂತ ಒಬ್ಬ, ಟೈಲ್ಸ್ ಅಂಗಡೀಲಿದ್ದ. ಮುತ್ತುರಾಜ, ಯಾವುದೋ ಆಫೀಸಲ್ಲಿ ಗುಮಾಸ್ತ, ಯಾರು ಏನಂದ್ರೂ ಹೂಂ ಅನ್ನೋನು. ನಾಲ್ಕನೆಯವನು ಗುರುಸಿದ್ದ... ಬಾಗಲಕೋಟೆ ಕಡೆಯ ಹುಡುಗ, ಕೊರಿಯರ್ ಕೆಲಸ, ಕೊರಳಲ್ಲಿ ಲಿಂಗ. ಪೂಜೆ ಮಾಡ್ಕೊಳ್ದೆ ಒಂದು ತುತ್ತು ಬಾಯಿಗಿಡ್ತಿರಲಿಲ್ಲ. ಹೊಸದಾಗಿ ಮದುವೆ ಆಗಿತ್ತು, ಹೆಂಡತಿ ಪಾರವ್ವನ್ನ ಊರಲ್ಲೇ ಬಿಟ್ಟಿದ್ದ. ‘ಅಕ್ಕಾರ, ಒಂದ್ ಖೋಲಿ ಸ್ವಂತದ್ದು ಆದ್ರ ಸಾಕ್ರಿ, ಆಕೀನ್ ಕರ್ಕೊಂಡ್ ಬರ್ತೀನಿ’ ಅಂತ ದಿನಾ ನನ್ನ ಹತ್ರ ಹೇಳೋನು. ಎಲ್ಲರಿಗೂ ಅದೇ ಹುಚ್ಚು ಆಗ, ಸ್ವಂತ ಮನೆ. ಭಾನುವಾರ ಬಂದ್ರೆ ಕೋಣನಕುಂಟೆಯಿಂದ ತಲಘಟ್ಟಪುರದ ತನಕ ಸೈಟು ನೋಡ್ಕೊಂಡು ತಿರುಗೋದು, ನೋಡಿ ನಿಟ್ಟುಸಿರು ಬಿಟ್ಟು ಬರೋದು. ಅಷ್ಟರಲ್ಲಿ ಈ ವಿಜಯಕುಮಾರರಿಗೆ ಹಿಮಾಲಯ ಹತ್ತೋ ಯೋಚನೆ ಬಂತು.”

“ಟ್ರೆಕ್ಕಿಂಗು,” ಎಂದರು ವಿಜಯಕುಮಾರ್, ತಿದ್ದುವಂತೆ.

“ಹೂಂ, ಟ್ರೆಕ್ಕಿಂಗು. ತುರಹಳ್ಳಿ ಗುಡ್ಡ ಎರಡು ಸಲ ಹತ್ತಿ ಇಳಿದ್ರು, ಅದೇ ಟ್ರೈನಿಂಗು. ಕ್ಯಾನ್ವಾಸ್ ಶೂ, ಮಂಗನ ಟೋಪಿ, ಒಂದು ಡಬ್ಬ ಚಟ್ನಿಪುಡಿ. ಕೇದಾರ ನೋಡ್ಬೇಕು ಅಂತ ನಂದೊಂದು ಹರಕೆ ಇತ್ತು, ನಮ್ಮ ಯಜಮಾನರು ತೀರಿಕೊಂಡ ವರ್ಷ ಅದು, ನಾನೂ ಹೊರಟೆ. ದರ್ಶನ ಆಯ್ತು. ಅಲ್ಲಿಂದ ಇನ್ನೂ ಮೇಲೆ, ಬೆಟ್ಟದ ನೆತ್ತಿ ಮೇಲೆ, ಯಾವ ಕಾಲದ್ದೋ ಒಂದು ಮಠ ಪಾಳುಬಿದ್ದಿದೆ, ನಮ್ಮ ಕಡೆ ಜಂಗಮರೇ ನಡ್ಕೊಂಡು ಬಂದು ಕಟ್ಟಿದ್ದಂತೆ... ಅದಕ್ಕೆ ಅಲ್ಲಿಯವರು ಏನೋ ಹೆಸರು ಹೇಳ್ತಾರೆ, ನಮ್ಮ ನಾಲಿಗೆಗೆ ತಿರುಗಲ್ಲ, ನಾವು ಕಲ್ಮಠ ಅಂದ್ವಿ. ಮರ ಮುಗಿದು ಹುಲ್ಲು, ಹುಲ್ಲು ಮುಗಿದು ಬರೀ ಬಂಡೆ, ಬಂಡೆ ಸಂದೀಲಿ ಕರಗದೆ ಉಳಿದ ಮಂಜು. ನಾಲ್ಕು ಹೆಜ್ಜೆ ಇಟ್ರೆ ಎದೆಯಲ್ಲಿ ಕಮ್ಮಾರನ ತಿದಿ ಊದಿದ ಹಂಗೆ. ಹುಲ್ಲುಗಾವಲಲ್ಲಿ ಡೇರೆ ಹಾಕಿದ್ವಿ. ಅಲ್ಲಿಗೆ ನನ್ನ ತಲೆ ಸಿಡಿಯೋಕೆ ಶುರುವಾಯ್ತು, ಕಣ್ಣು ಬಿಟ್ರೆ ವಾಂತಿ. ದಾರಿ ತೋರಿಸೋಕೆ ಬಂದಿದ್ದ ಆ ಊರಿನ ಮುದುಕ ಹೇಳ್ದ: ಈಯಮ್ಮನ್ನ ಇವತ್ತೇ ಕೆಳಗೆ ಇಳಿಸ್ಬೇಕು, ನಾನು ಹೋಗಿ ಕುದುರೆ ತರ್ತೀನಿ, ಅಷ್ಟರಲ್ಲಿ ನೀವು ನೋಡ್ಕೊಂಡು ಬನ್ನಿ, ದಾರಿ ಉದ್ದಕ್ಕೂ ಕಲ್ಲಿನ ಗುಪ್ಪೆ ಇದಾವೆ, ಗುಪ್ಪೆಯಿಂದ ಗುಪ್ಪೆಗೆ ನಡೀರಿ, ಮಧ್ಯಾಹ್ನ ಆದ್ಮೇಲೆ ಕೆಳಗಿನಿಂದ ಮಂಜು ಏಳುತ್ತೆ, ಆಗ ನಿಮ್ಮ ಕೈ ನಿಮಗೆ ಕಾಣಲ್ಲ, ಗುಪ್ಪೆ ಒಂದೇ ಗತಿ. ಇದನ್ನ ಎರಡೆರಡು ಸಲ ಹೇಳ್ದ. ಹೇಳ್ಲಿಲ್ವಾ?”

ಪ್ರಶ್ನೆ ವಿಜಯಕುಮಾರರಿಗೆ. ಅವರು ಮಳೆಯನ್ನು ನೋಡುತ್ತಿದ್ದರು, ಉತ್ತರವನ್ನೂ ನೀಲಗಂಗಮ್ಮನೇ ಕೊಟ್ಟರು.

“ಹೇಳ್ದ... ಹತ್ತಿದ್ರು ನಾಲ್ಕೂ ಜನ. ಮೇಲೆ ಏನಾಯ್ತು ಅಂತ ಆಮೇಲೆ ಚಲುವರಾಜು ನನ್ನ ಮನೆ ಜಗಲಿ ಮೇಲೆ ಕೂತು ಅತ್ತುಕೊಂಡು ಹೇಳಿದ್ದು, ನನ್ನ ಕಲ್ಪನೆ ಅಲ್ಲ. ಮಠಕ್ಕೆ ಸೂರಿಲ್ಲ, ನಾಲ್ಕು ಗೋಡೆ, ಒಂದು ಹೊಸ್ತಿಲು. ಗುರುಸಿದ್ದ ಮೂಲೇಲಿ ಕೂತ, ಪೂಜೆಗೆ. ಇವರು ಮೂರು ಜನಕ್ಕೆ ಏನು ಹೊಳೀಬೇಕು ಹೇಳಿ? ನಮ್ಮ ಜನ ಬೆಟ್ಟ ಹತ್ತಿದ್ರೆ ಏನು ಮಾಡ್ತಾರೆ? ತಿರುಪತಿ ಮೆಟ್ಟಿಲ ಪಕ್ಕ ನೋಡಿಲ್ವಾ ನೀವು?”

“ಕಲ್ಲ್ ಮೇಲೆ ಕಲ್ಲಿಟ್ಟು ಮನೆ ಕಟ್ತಾರೆ,” ಎಂದಳು ರಾಜಶ್ರೀ. “ಹಂಗೆ ಬೇಡ್ಕೊಂಡ್ರೆ ಸ್ವಂತ ಮನೆ ಆಗುತ್ತೆ ಅಂತ. ನಾನೂ ಇಟ್ಟಿದೀನಿ.”

“ಎಲ್ಲರೂ ಇಟ್ಟಿದೀವಿ ಕಣಮ್ಮಾ. ಆದ್ರೆ ಅಲ್ಲಿ ಬಿಡಿ ಕಲ್ಲು ಎಲ್ಲಿಂದ ಬರ್ಬೇಕು? ಎಲ್ಲಾ ಆನೆಯಂಥ ಬಂಡೆ. ಚಪ್ಪಟೆ ಕಲ್ಲು ಇದ್ದಿದ್ದು ಆ ಗುಪ್ಪೆಗಳಲ್ಲೇ. ಚಲುವರಾಜು ಅಂದನಂತೆ, ‘ನೋಡ್ರಪ್ಪಾ, ಯಾರೋ ಮೆಟೀರಿಯಲ್ ತಂದು ರೆಡಿ ಇಟ್ಟವ್ರೆ.’ ಶುರುವಾಯ್ತು. ಒಂದು ಗುಪ್ಪೆ ಬಿಚ್ಚಿ ಚಲುವರಾಜು ಗ್ರೌಂಡು, ಫಸ್ಟು ಕಟ್ದ. ಮುತ್ತುರಾಜ ಪಾಪ ಒಂದೇ ರೂಮು. ಈ ವಿಜಯಕುಮಾರು ಮೂರು ಮಹಡಿ... ಕೆಳಗೆ ಕಾರ್ ನಿಲ್ಸೋಕೆ ಜಾಗ ಬಿಟ್ಟು, ಬಾಡಿಗೆಗೆ ಅಂತ. ಅದಕ್ಕೆ ಕಲ್ಲು ಸಾಲ್ದು ಅಂತ ಇಳಿಯೋವಾಗ ಇನ್ನೊಂದು ಗುಪ್ಪೆ, ಕಾಂಪೌಂಡ್ ಬೇಕು ಅಂತ ಮತ್ತೊಂದು ಗುಪ್ಪೆ. ಗುರುಸಿದ್ದ ಕಣ್ಣು ಬಿಟ್ಟು ನೋಡಿ ಹೇಳಿದನಂತೆ, ‘ಅಣ್ಣಾರ, ಅದು ದಾರೀರಿ, ಮುಟ್ಟಬ್ಯಾಡ್ರಿ.’ ಇವರು ಏನಂದ್ರು ಗೊತ್ತಾ? ‘ಕನಕಪುರ ರೋಡ್ ಥರ ಕಾಣ್ತಿದೆಯಲ್ಲೋ ದಾರಿ, ನೀನು ಪೂಜೆ ಮುಗಿಸ್ಕೊಂಡು ನಿಧಾನ ಬಾ.’ ಹಂಗಂದು ಮೂರೂ ಜನ ಇಳಿದ್ರು. ಮನೆ ಕಟ್ಕೊಂಡು ಕಟ್ಕೊಂಡು ಇಳಿದ್ರು.”

ಸಂಜೀವಯ್ಯನವರು ಮೇಲೆ ನೋಡಿದರು. ನಾನೂ ನೋಡಿದೆ. ನಮ್ಮ ತಲೆಯ ಮೇಲೆ ಮೂರು ಮಹಡಿ ಇತ್ತು. ನಾವು ಕುಳಿತಿದ್ದುದು ಕಾರು ನಿಲ್ಲಿಸುವ ಜಾಗದಲ್ಲಿ.

“ಇವರು ಡೇರೆಗೆ ಬರೋದಕ್ಕೂ ಮಂಜು ಏಳೋದಕ್ಕೂ ಸರಿಹೋಯ್ತು. ಹಾಲು ಉಕ್ಕಿ ಬಂದ ಹಂಗೆ ಬಂತು ನೋಡಿ, ಬೆಟ್ಟ ಇಲ್ಲ, ಆಕಾಶ ಇಲ್ಲ, ಏನೂ ಇಲ್ಲ. ಮುದುಕ ಕುದುರೆ ಹಿಡ್ಕೊಂಡು ಬಂದು ‘ಇನ್ನೊಬ್ಬ ಎಲ್ಲಿ’ ಅಂದ. ಅಷ್ಟರಲ್ಲಿ ಮೇಲಿಂದ ಕೂಗು ಕೇಳಿಸ್ತು... ‘ಅಣ್ಣಾರ... ಕಲ್ಲ ಎಲ್ಲಿ ಅದಾವ್ರಿ... ಒಂದ್ಸಲ ಓ ಅನ್ರಿ...’ ಅಂತ. ದೂರದಿಂದೇನಲ್ಲ. ನಮ್ಮ ಮನೆ ಗೇಟಿಂದ ಆ ಮೂಲೆ ಅಂಗಡಿ ಇದೆಯಲ್ಲ, ಅಷ್ಟು. ಮುದುಕ ಬಾಯಿಗೆ ಕೈ ಇಟ್ಟು ಕೂಗೋಕೆ ಹೋದ. ನೀವೆಲ್ಲಾ ಕೂಗ್ತಾ ಇರಿ, ನಾನು ದನಿ ಹಿಡ್ದು ಹತ್ತಿ ಕರ್ಕೊಂಡು ಬರ್ತೀನಿ, ಇವತ್ತು ಇಲ್ಲೇ ಉಳೀಬೇಕಾಗುತ್ತೆ ಅಂದ. ಇವರ ಲೆಕ್ಕ ಬೇರೆ, ಉಳಿದ್ರೆ ಬಸ್ಸು ತಪ್ಪುತ್ತೆ, ಬಸ್ಸು ತಪ್ಪಿದ್ರೆ ಡೆಲ್ಲಿಯಲ್ಲಿ ಟ್ರೈನು ತಪ್ಪುತ್ತೆ, ರಿಸರ್ವೇಶನ್ ಆಗೋಗಿದೆ. ಅದಕ್ಕಿಂತ ಹೆಚ್ಚಾಗಿ, ಮುದುಕ ಮೇಲೆ ಹೋದ್ರೆ ಗುಪ್ಪೆ ಏನಾಗಿದಾವೆ ಅಂತ ನೋಡ್ತಾನಲ್ಲ... ಆಗ ಈ ವಿಜಯಕುಮಾರು ಏನಂದ್ರು? ನಾನು ಕುದುರೆ ಮೇಲೆ ಮೂಟೆ ಥರ ಬಿದ್ದಿದ್ದೆ, ನಾಲಿಗೆ ಏಳ್ತಿರಲಿಲ್ಲ, ಕಿವಿ ಮಾತ್ರ ಕೇಳ್ತಿತ್ತು. ‘ಅವನು ಆಗಲೇ ಪ್ರಪಾತಕ್ಕೆ ಬಿದ್ದುಹೋದ. ನಾನೇ ಕಣ್ಣಾರೆ ನೋಡ್ದೆ. ಅದು ಬರೀ ಗಾಳಿ’ ಅಂದ್ರು.”

ಎಮರ್ಜೆನ್ಸಿ ಲ್ಯಾಂಪ್ ಮಂಕಾಗುತ್ತ ಬಂದಿತ್ತು. ನೀಲಗಂಗಮ್ಮ ಮೊರದಿಂದ ಒಂದು ಹರಳು ಆರಿಸಿ ಪಕ್ಕಕ್ಕಿಟ್ಟರು.

“ಆ ಊರಿನ ಕಡೆ ಒಂದು ನಂಬಿಕೆ ಇದೆ. ಮಂಜಲ್ಲಿ ಸತ್ತವರು ಕೂಗ್ತಾರಂತೆ, ಓಗೊಡಬಾರದಂತೆ, ಓಗೊಟ್ರೆ ಮನೆ ತನಕ ಹಿಂದೆ ಬರ್ತಾರಂತೆ. ಬಿದ್ದು ಸತ್ತ ಅಂತ ಕೇಳಿದ್ದೇ ತಡ, ಮುದುಕ ಎರಡೂ ಕಿವಿಗೆ ಬಟ್ಟೆ ಕಟ್ಕೊಂಡು ಕುದುರೆ ಎಳ್ಕೊಂಡು ಇಳಿದ. ಬದುಕಿದ್ದವನು ಕೂಗ್ತಾನೇ ಇದ್ದ, ನಾವು ಇಳೀತಾನೇ ಇದ್ವಿ. ಟ್ರೈನು ಸಿಕ್ತು. ಪಾರವ್ವಂಗೂ ಅದೇ ಕತೆ ಹೇಳಿದ್ರು, ಪ್ರಪಾತ, ಹೆಣ ಸಿಗಲ್ಲ ಅಂತ. ನಾನು ಬೇರೆ ಹೇಳಿದ್ರೆ, ಕಾಯಿಲೆ ಬಿದ್ದ ಮುದುಕಿ ತಲೆ ಕೆಟ್ಟು ಹೇಳ್ತಾಳೆ ಅಂದ್ರು. ನಾನು ಬಿಡ್ತೀನಾ? ಮಾರನೇ ವರ್ಷ ಒಬ್ಳೇ ಹೋದೆ, ಆ ಮುದುಕನ್ನ ಹುಡುಕಿದೆ. ಅವನು ಮಂಜು ಕರಗಿದ್ ಮೇಲೆ ಹೋಗಿ ಗುರುಸಿದ್ದನ್ನ ಕಂಡಿದ್ದನಂತೆ... ಡೇರೆ ಹಾಕಿದ್ದ ಜಾಗದಿಂದ ಒಂದು ಕೂಗಿನ ದೂರ. ಪ್ರಪಾತ ಎಲ್ಲಿತ್ತು, ಇವನೆಲ್ಲಿದ್ದ? ಪದ್ಮಾಸನ ಹಾಕಿ ಕೂತಿದ್ದನಂತೆ, ಎಡಗೈಯಲ್ಲಿ ಲಿಂಗ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡ್ತಾರಲ್ಲ, ತನ್ನ ಮಣ್ಣು ತಾನೇ ಮಾಡ್ಕೊಂಡ ಹಂಗೆ. ಶೂ ಅಡಿ ಪೂರ್ತಿ ಸವೆದುಹೋಗಿತ್ತಂತೆ, ಎಷ್ಟು ಸುತ್ತಿರಬೇಕು ಯೋಚನೆ ಮಾಡಿ. ಅವನ ಮುಂದೆ ಮೂರು ಕಲ್ಲು, ಒಂದರ ಮೇಲೊಂದು. ಸಾಯೋ ಹೊತ್ತಲ್ಲಿ ಅವನು ಗುಪ್ಪೆ ಕಟ್ತಿದ್ದ... ಮುಂದೆ ಬರೋರಿಗೆ ದಾರಿ ಬೇಕಲ್ಲ ಅಂತ.”

ರಾಜಶ್ರೀ ಮಂಕಾದ ಲ್ಯಾಂಪನ್ನು ಒಮ್ಮೆ ತಟ್ಟಿದಳು.

“ಬೇಡ್ಕೊಂಡಿದ್ದೆಲ್ಲಾ ಆಯ್ತು, ಅದೇ ನೋಡಿ ಸೋಜಿಗ. ಚಲುವರಾಜು ವಸಂತಪುರದಲ್ಲಿ ಕಟ್ದ, ಗ್ರೌಂಡು, ಫಸ್ಟು. ಗೃಹಪ್ರವೇಶ ಆದ ಮಾರನೇ ದಿನ ಹೊಸ್ತಿಲ ಮುಂದೆ ಮೂರು ಕಲ್ಲು. ಎತ್ತಿ ಎಸೆದ. ಮತ್ತೆ ಬಂತು, ಮತ್ತೆ ಎಸೆದ. ಆಮೇಲೆ ಶುರುವಾಯ್ತು... ನೀರು ಕುಡಿಯೋಕೆ ಅಂತ ಎದ್ದೋನು ನಡುಮನೇಲಿ ನಿಂತು ‘ಜಯಾ, ಅಡುಗೆಮನೆ ಎಲ್ಲೇ?’ ಅನ್ನೋನು. ಹೆಂಡತಿ ಜಯಾ ನಕ್ಕಳು. ಥರ್ಟಿ ಫಾರ್ಟಿ ಮನೇಲಿ ಯಾರಾದ್ರೂ ಕಳೆದುಹೋಗ್ತಾರಾ? ಆದ್ರೆ ದಿನಾ ದಿನಾ ಅವನ ದನಿ ದೂರ ಹೋಗ್ತಾ ಹೋಯ್ತಂತೆ. ಪಕ್ಕದ ರೂಮಲ್ಲೇ ಇರೋನು, ಕೂಗಿದ್ರೆ ಬೆಟ್ಟದ ಆಚೆಯಿಂದ ಕೂಗಿದ ಹಂಗೆ. ಆಗ ನನ್ನ ಹತ್ರ ಬಂದು ಎಲ್ಲಾ ಹೇಳ್ಕೊಂಡ. ನಾನಂದೆ, ಎಸೀಬೇಡ ಕಣೋ, ಅದು ನಿನ್ನ ಹೆದರಿಸೋಕೆ ಇಟ್ಟಿದ್ದಲ್ಲ, ನಿಂಗೆ ದಾರಿ ಇಟ್ಟಿದ್ದು. ಹೋಗಿ ಪಾರವ್ವಂಗೆ ನಿಜ ಹೇಳು, ಅವನು ಬಿದ್ದಿಲ್ಲ, ನಾವು ಬಿಟ್ಟು ಬಂದ್ವಿ ಅನ್ನು. ಹೂಂ ಅಂದ. ಹೋಗಲಿಲ್ಲ. ಮಾನ ಹೋಗುತ್ತೆ ಅಂತ. ಮನೆಗೆ ಹೋಗಿ ಕಲ್ಲೆತ್ತಿ ಮೋರಿಗೆ ಎಸೆದನಂತೆ. ಮಾರನೇ ದಿನ ಬೆಡ್‌ರೂಮಿಗೂ ಬಚ್ಚಲಿಗೂ ನಡುವೆ ಇರೋ ಓಣೀಲಿ ಸಿಕ್ದ. ಕೂತಿದ್ದ. ತುಟಿ ನೀಲಿ, ಬೆರಳೆಲ್ಲಾ ಮರಗಟ್ಟಿತ್ತು. ಏಪ್ರಿಲ್ ತಿಂಗಳು, ಫ್ಯಾನ್ ಓಡ್ತಿತ್ತು. ಹವಾಯಿ ಚಪ್ಪಲಿ ಅಡಿ ಸವೆದು ನೆಲ ಕಾಣ್ತಿತ್ತು. ಡಾಕ್ಟ್ರು ಹಾರ್ಟು ಅಂದ್ರು. ಅನ್ನದೆ ಇನ್ನೇನಂತಾರೆ?”

“ಮುತ್ತುರಾಜ ಅನ್ನೋರು?” ಎಂದು ನಾನು ಕೇಳಿದೆ.

“ಅವನಿದಾನೆ, ಚೆನ್ನಾಗಿದಾನೆ. ತಲಘಟ್ಟಪುರದಲ್ಲಿ ಒಂದೇ ರೂಮಿನ ಮನೆ. ಕಲ್ಲು ಬಂದ ದಿನವೇ ಬಸ್ ಹತ್ತಿ ಪಾರವ್ವನ ಊರಿಗೆ ಹೋಗಿ, ನಾಲ್ಕು ಜನರ ಮುಂದೆ ನಿಜ ಹೇಳ್ದ. ಅವಳು ಉಗಿದಳು. ಒರೆಸ್ಕೊಂಡು ಬಂದ. ಆ ಕಲ್ಲು ಇವತ್ತಿಗೂ ಅವನ ಬಾಗಿಲಲ್ಲಿ ಇದೆ, ದಿನಾ ಒಂದು ಹೂ ಇಡ್ತಾನೆ. ಅವನಿಗೆ ಯಾವ ದಾರೀನೂ ತಪ್ಪಿಲ್ಲ.” ಈಗ ಮೊದಲ ಸಲ ನೀಲಗಂಗಮ್ಮ ಮೊರವನ್ನು ಕೆಳಗಿಟ್ಟರು. “ವಿಜಯಕುಮಾರೇ, ವರ್ಷದಿಂದ ನಿಮ್ಮ ಕೆಳಗೆ ಇದೀನಿ. ಇದು ನೋಡೋಕೇ ಬಂದಿದ್ದು. ಇವರ ಮುಂದೆ ಹೇಳ್ಬಿಡಿ. ಬಿದ್ದಿದ್ದು ನೀವು ನೋಡಿದ್ರಾ?”

ವಿಜಯಕುಮಾರ್ ಎದ್ದುನಿಂತರು. ಅವರ ಮುಖದಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಇನ್ನೇನೋ ಇತ್ತು.

“ನೋಡ್ದೆ,” ಎಂದರು. “ಆಗಲೂ ಹೇಳಿದೀನಿ, ಈಗಲೂ ಹೇಳ್ತೀನಿ. ಕಣ್ಣಾರೆ ನೋಡ್ದೆ. ನೀವು ತಿಂಗಳ ಕೊನೆಗೆ ಮನೆ ಖಾಲಿ ಮಾಡಿ.”

ಮೆಟ್ಟಿಲಿನ ಬುಡಕ್ಕೆ ಹೋಗಿ ಬಗ್ಗಿದರು. ಮೂರೂ ಕಲ್ಲುಗಳನ್ನು ಒಂದೊಂದಾಗಿ ಮಳೆಯೊಳಕ್ಕೆ ಬೀಸಿದರು. ಅವು ಬಿದ್ದ ಸದ್ದು ನಮಗೆ ಕೇಳಿಸಲಿಲ್ಲ. ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿದರು.

“ಕಲ್ಲು ಇಡ್ತಿದ್ದೋರು ನೀವೇನಾ ಅಜ್ಜಿ?” ರಾಜಶ್ರೀ ಮೆಲ್ಲಗೆ ಕೇಳಿದಳು.

“ನಂಗೆ ಬಗ್ಗೋಕೆ ಎಲ್ಲಿ ಆಗುತ್ತೆ ಕಣಮ್ಮಾ, ಮಂಡಿ ನೋವು.”

ಚಪ್ಪಲಿಯ ಸದ್ದು ಕೇಳುತ್ತಿತ್ತು. ಮೊದಲನೇ ಮಹಡಿ ದಾಟಿತು. ಎರಡನೆಯದು ದಾಟಿತು. ಮೂರನೆಯದರಲ್ಲಿ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಅದೇ ಗತಿಯಲ್ಲಿ ಹತ್ತುತ್ತಲೇ ಹೋಯಿತು, ಸಣ್ಣದಾಗುತ್ತ, ಉಸಿರುಗಟ್ಟಿದವರು ನಡುನಡುವೆ ನಿಂತು ಮತ್ತೆ ಹೊರಡುವಂತೆ. ನಮ್ಮ ಕಟ್ಟಡಕ್ಕೆ ಅಷ್ಟೊಂದು ಮೆಟ್ಟಿಲಿಲ್ಲ. ಸಂಜೀವಯ್ಯನವರು ನನ್ನ ತೋಳು ಹಿಡಿದುಕೊಂಡರು.

ಆಗ ಕರೆಂಟು ಬಂತು. ನಾನು ಮತ್ತು ಸಂಜೀವಯ್ಯನವರು ಮೇಲಕ್ಕೆ ಓಡಿದೆವು. ಮೂರನೇ ಮಹಡಿಯ ಬಾಗಿಲಿಗೆ ಹೊರಗಿನಿಂದ ಬೀಗ. ಅದರಾಚೆ ತಾರಸಿಯ ಬಾಗಿಲಿಗೆ ಒಳಗಿನಿಂದ ಅಗುಳಿ. ನಡುವೆ ಬೆಳಗುತ್ತಿರುವ ಟ್ಯೂಬ್‌ಲೈಟು, ಒಣಗಿದ ಮೆಟ್ಟಿಲು, ಯಾರೂ ಇಲ್ಲ. ಚಳಿ ಮಾತ್ರ ಇತ್ತು. ನಮ್ಮ ಉಸಿರು ಹೊಗೆಯಾಗಿ ಕಾಣುತ್ತಿತ್ತು.

ಕೆಳಗೆ ಬಂದಾಗ ರಾಜಶ್ರೀ ಕೈಯೆತ್ತಿ ನಮ್ಮನ್ನು ಸುಮ್ಮನಿರಿಸಿದಳು. ಮೇಲಿನಿಂದಲೋ, ಗೋಡೆಯ ಒಳಗಿನಿಂದಲೋ, ಬಹಳ ದೂರದಿಂದ ಒಂದು ದನಿ ಬರುತ್ತಿತ್ತು. “ನೀಲಗಂಗಮ್ಮಾ... ಮನೆ ಎಲ್ಲಿದೆ... ಒಂದ್ಸಲ ಓ ಅನ್ನಿ...”

ಓಗೊಡಲು ನಾನು ಬಾಯಿ ತೆರೆದಿದ್ದೆ. ನೀಲಗಂಗಮ್ಮ ಮೊರವನ್ನು ಮತ್ತೆ ತೊಡೆಗೆ ತೆಗೆದುಕೊಂಡು, ಅಕ್ಕಿಯನ್ನು ಒಮ್ಮೆ ಕೇರಿದರು.

“ಕೂಗ್ಬೇಡಿ,” ಎಂದರು. “ಅವರು ಆಗಲೇ ಬಿದ್ದುಹೋದ್ರು. ನಾನೇ ಕಣ್ಣಾರೆ ನೋಡ್ದೆ. ಅದು ಬರೀ ಗಾಳಿ... ಮಳೆ ಬಂದಾಗಲೆಲ್ಲಾ ಕೇಳಿಸುತ್ತೆ ಇನ್ಮೇಲೆ, ಅಭ್ಯಾಸ ಮಾಡ್ಕೊಳ್ಳಿ.”

ಮರುದಿನ ಬೆಳಿಗ್ಗೆ ಮೆಟ್ಟಿಲಿನ ಬುಡದಲ್ಲಿ ಕಲ್ಲಿರಲಿಲ್ಲ. ನೀಲಗಂಗಮ್ಮ ತಿಂಗಳ ಕೊನೆಗೆ ಮನೆ ಖಾಲಿ ಮಾಡಲಿಲ್ಲ. ವಿಜಯಕುಮಾರ್ ಸಿಗಲಿಲ್ಲ, ಬಾಡಿಗೆಯನ್ನು ಈಗ ಅವರ ತಂಗಿ ಬಂದು ತೆಗೆದುಕೊಂಡು ಹೋಗುತ್ತಾರೆ.